ಹದಿನಾಲ್ಕು ಡಬ್ಬ, ಅರ್ಧ ನಿಮಿಷ

ಆಗ ನನಗೆ ಅರವತ್ತೊಂದು. ಈಗ ಅರವತ್ತೇಳು. ಆರು ವರ್ಷದ ಹಿಂದಿನ ಮಾತು. ನಾನು ಎರಡನೇ ಕ್ಲಾಸಿನ ತನಕ ಶಾಲೆಗೆ ಹೋದವಳು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಲೆಕ್ಕ ಮಾತ್ರ ಬಾಯಲ್ಲೇ ಆಗಬೇಕು. ಅದರಲ್ಲಿ ನನಗೆ ಯಾರೂ ಟೋಪಿ ಹಾಕಿದ್ದಿಲ್ಲ. ಒಂದು ಸಲ ಲೆಕ್ಕ ತಪ್ಪಿತು. ತಪ್ಪಿಸಿದ್ದು ನಾನೇ, ಹೊಣೆ ಹೊತ್ತದ್ದು ಇನ್ನೊಬ್ಬ.

ಘಾಟ್ಕೋಪರಿನ ಗುಡ್ಡದ ಮೇಲೆ ನಮ್ಮ ಚಾಳು. ಮುಂದಿನ ಕೋಣೆಯಲ್ಲಿ ನಾನು ಮತ್ತು ನನ್ನ ಮಗಳ ಮಗಳು. ಮಗಳು ಅಳಿಯ ಕಾಂದಿವಲಿಯಲ್ಲಿ. ಹುಡುಗಿಯ ಶಾಲೆ ಇಲ್ಲಿಗೆ ಹತ್ತಿರ, ಅದಕ್ಕೆ ನನ್ನ ಹತ್ತಿರ ಬಿಟ್ಟಿದ್ದರು. ಹಿಂದಿನ ಕೋಣೆಯಲ್ಲಿ ಮೂರು ಗ್ರೈಂಡರ್. ಗಂಡ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತೇ ಆಯುಷ್ಯ ಮುಗಿಸಿದವರು. ಅವರು ಹೋದ ಮೇಲೆ ನಾನು ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುವ ಕೆಲಸಕ್ಕೆ ಇಳಿದೆ. ನಮ್ಮ ಕಡೆಯವರದ್ದೇ ಹೋಟೆಲುಗಳು. ಮೊದಲು ಅವರ ಅಡಿಗೆ ಕೋಣೆಯಲ್ಲೇ ಕಲ್ಲು ತಿರುಗುತ್ತಿತ್ತು. ಈಗ ಅಲ್ಲಿ ಕಲ್ಲಿಡುವ ಜಾಗದಲ್ಲಿ ಇನ್ನೊಂದು ಟೇಬಲ್ ಹಾಕಿದ್ದಾರೆ. ಹಿಟ್ಟು ನನ್ನಿಂದ ಹೋಗುತ್ತದೆ.

ದಿನಾ ಬೆಳಿಗ್ಗೆ ಎರಡು ಟ್ರಿಪ್. ಮೊದಲನೆಯದರಲ್ಲಿ ಎಂಟು ಡಬ್ಬ ಇಡ್ಲಿ ಹಿಟ್ಟು, ಹಿಂದಿನ ಸಂಜೆ ರುಬ್ಬಿ ಇಟ್ಟು ಉಬ್ಬಿದ್ದು. ಎರಡನೆಯದರಲ್ಲಿ ಆರು ಡಬ್ಬ ವಡೆ ಹಿಟ್ಟು, ಆಗಷ್ಟೇ ರುಬ್ಬಿದ್ದು. ವಡೆ ಹಿಟ್ಟು ಹುಳಿ ಬಂದರೆ ಎಣ್ಣೆ ಕುಡಿಯುತ್ತದೆ, ಮುಂಚೆ ರುಬ್ಬಿ ಇಡುವ ಹಾಗಿಲ್ಲ. ಒಂದೊಂದು ಡಬ್ಬ ಇಪ್ಪತ್ತೈದು ಕಿಲೋ.

ಇದನ್ನು ಇಳಿಸುವುದು ಕೈಗಾಡಿಯಲ್ಲಿ. ಎರಡು ದೊಡ್ಡ ಚಕ್ರ, ಮುಂದೆ ಉದ್ದ ಮೂಕಿ, ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಮುಂದಿರುವವನು ಮೂಕಿಯನ್ನು ಎದೆಯ ಮಟ್ಟಕ್ಕೆ ಎತ್ತುತ್ತಾನೆ. ಆಗ ಗಾಡಿಯ ಬಾಲ ನೆಲಕ್ಕೆ ಕುಳಿತು ಉಜ್ಜುತ್ತದೆ. ಬಾಲಕ್ಕೆ ಹಳೆ ಟೈರಿನ ತುಂಡು ಹೊಡೆದಿರುತ್ತೇವೆ. ರಬ್ಬರ್ ಉಜ್ಜಿ, ಎರಡು ಹೆಜ್ಜೆಯಲ್ಲಿ ಗಾಡಿ ನಿಲ್ಲುತ್ತದೆ. ಬ್ರೇಕ್ ಅಂದರೆ ಅಷ್ಟೇ.

ಎಳೆಯುವವನು ಉತ್ತರದ ಕಡೆಯವನು, ಐವತ್ತು ದಾಟಿದವನು. ಎಲ್ಲರೂ ಭಯ್ಯಾ ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತಿದ್ದೆ. ಹನ್ನೊಂದು ವರ್ಷ ನನ್ನ ಹಿಟ್ಟು ಇಳಿಸಿದವನು. ಒಂದು ದಿನ ಒಂದು ಡಬ್ಬದ ಮುಚ್ಚಳ ಸರಿದದ್ದಿಲ್ಲ. ಬಾಯಲ್ಲಿ ಯಾವಾಗಲೂ ತಂಬಾಕು, ಮಾತು ಕಮ್ಮಿ. ಗಾಡಿ ಅವನದ್ದಲ್ಲ, ಬಾಡಿಗೆಯದ್ದು. ಮಾರ್ಕೆಟ್ ಹತ್ತಿರ ಒಬ್ಬನ ಹತ್ತಿರ ಅರವತ್ತು ಎಪ್ಪತ್ತು ಗಾಡಿ ಉಂಟು. ಅವನು ಮುಖ ನೋಡಿ ಕೊಡುತ್ತಾನೆ. ಇಳಿಜಾರಿನಲ್ಲಿ ಗಾಡಿಯ ಕೈ ಬಿಟ್ಟವನು ಅಂತ ಒಂದು ಸಲ ಹೆಸರು ಬಂದರೆ ಮತ್ತೆ ಕೊಡುವುದಿಲ್ಲ.

ನಾವು ಇಳಿಯುವ ದಾರಿ ಒಂದು ಟವರ್ ಸೊಸೈಟಿಯ ಒಳಗಿನಿಂದ. ಮೊದಲು ಅಲ್ಲೂ ಚಾಳೇ ಇತ್ತು. ಬಿಲ್ಡರ್ ಬಂದು ಕಟ್ಟಿದ. ಚಾಳಿನವರು ಈ ರಸ್ತೆಯಲ್ಲಿ ಹೋಗಿ ಬರಬಹುದು ಅಂತ ಬಾಯಿಮಾತಿನಲ್ಲಿ ಹೇಳಿ ಹೋದ. ಉಳಿದದ್ದೆಲ್ಲ ಮೆಟ್ಟಿಲು. ಗಾಡಿ ಇಳಿಯುವುದು ಇದೊಂದರಲ್ಲೇ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಹತ್ತಿರ ಇಳಿಜಾರು ಶುರು, ಕೆಳಗೆ ಗೇಟು, ಗೇಟಿಗೆ ಎತ್ತಿ ಇಳಿಸುವ ಅಡ್ಡ ದಂಡ. ವಾಚ್‌ಮನ್ ದಂಡ ಎತ್ತುವ ತನಕ ನಿಲ್ಲಬೇಕು.

ಆ ದಿನ ಗುರುವಾರ. ಬೆಳಿಗ್ಗೆ ಕರೆಂಟ್ ಹೋಯಿತು. ವಡೆ ಹಿಟ್ಟು ಅರ್ಧಕ್ಕೆ ನಿಂತಿತು. ಈಗ ಬರ್ತದೆ, ಆಗ ಬರ್ತದೆ ಅಂತ ಇಡ್ಲಿ ಹಿಟ್ಟನ್ನೂ ಕಳಿಸದೆ ಕಾದೆ. ಕರೆಂಟ್ ಬಂದು ರುಬ್ಬಿ ಮುಗಿಸುವಾಗ ಒಂದು ಗಂಟೆ ತಡ. ಹೋಟೆಲಿನಿಂದ ಫೋನ್ ಮೇಲೆ ಫೋನ್.

"ಅಕ್ಕಾ, ಗಿರಾಕಿ ಕೂತಿದ್ದಾರೆ. ನಾನು ಅವರಿಗೆ ಚಟ್ನಿ ಒಂದೇ ಕೊಡುವುದಾ?"

"ಕೊಡಿ. ನಿಮ್ಮ ಚಟ್ನಿ ತಿಂದರೆ ಅವರೇ ಎದ್ದು ಹೋಗ್ತಾರೆ" ಅಂದೆ. ಆದರೆ ಒಳಗೆ ಬಿಸಿ ಏರಿತ್ತು.

ಎರಡು ಟ್ರಿಪ್ಪಿಗೆ ಹೊತ್ತಿಲ್ಲ. ಹದಿನಾಲ್ಕು ಡಬ್ಬವನ್ನೂ ಒಂದೇ ಸಲ ಹೇರಿಸಿದೆ. ಭಯ್ಯಾ ಚಕ್ರ ನೋಡಿದ, ನನ್ನ ಮುಖ ನೋಡಿದ. ಅವನ ಹಿಂದಿಯನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಅಮ್ಮಾ, ಭಾರ ಉಂಟು."

"ನನಗೆ ಗೊತ್ತುಂಟು. ಅದಕ್ಕೆ ತಯಾರಿ ಮಾಡಿದ್ದೇನೆ."

ನನ್ನ ತಯಾರಿ ಏನೆಂದು ಹೇಳುತ್ತೇನೆ. ನನ್ನ ಬದುಕಿನ ಲೆಕ್ಕವೆಲ್ಲ ಅಕ್ಕಿ ಉದ್ದಿನ ಲೆಕ್ಕ. ಅಕ್ಕಿ ಮೂರಾದರೆ ಉದ್ದು ಒಂದು. ಅಕ್ಕಿ ಒಂದೂವರೆ ಪಟ್ಟು ಹಾಕಿದರೆ ಉದ್ದೂ ಒಂದೂವರೆ ಪಟ್ಟು. ನೀರು, ಉಪ್ಪು ಎಲ್ಲ ಹಾಗೆಯೇ. ಮೂವತ್ತು ವರ್ಷ ಇದು ಒಂದು ದಿನವೂ ತಪ್ಪಲಿಲ್ಲ. ಗಾಡಿ ನೂರು ಕಿಲೋ, ಎಂಟು ಡಬ್ಬ ಇನ್ನೂರು, ಒಟ್ಟು ಮುನ್ನೂರು. ಹದಿನಾಲ್ಕು ಡಬ್ಬವಾದರೆ ನಾನೂರೈವತ್ತು. ಅಂದರೆ ಒಂದೂವರೆ. ಹಾಗಾದರೆ ತಡೆಯೂ ಒಂದೂವರೆ ಇದ್ದರೆ ಸಾಕು. ಬಾಲಕ್ಕೆ ಇನ್ನೊಂದು ಟೈರ್ ತುಂಡು ಹೊಡೆಸಿದೆ. ಹಿಂದಿನಿಂದ ಹಗ್ಗ ಕಟ್ಟಿ, ಅದನ್ನು ನಾನೇ ಹಿಡಿದುಕೊಂಡೆ. ಒಂದೂವರೆಗಿಂತ ಸ್ವಲ್ಪ ಜಾಸ್ತಿಯೇ ಆಯಿತು ಅಂತ ಧೈರ್ಯ. ಆಮೇಲೆ ಹೇಳಿದೆ, "ಓಡಿಸು, ತಡ ಆಗಿದೆ."

ಅವನು ಮೊದಲು ನಡೆದ. ನಾನು ಹಿಂದಿನಿಂದ ಮತ್ತೆ ಹೇಳಿದೆ, "ಮದುವೆ ದಿಬ್ಬಣವಾ ಇದು? ಓಡಿಸು." ಅವನು ಓಡಿದ.

ಗೇಟಿನ ಹತ್ತಿರ ಶಾಲೆಯ ಬಸ್ಸು ನಿಂತಿತ್ತು. ಮಕ್ಕಳು ಹತ್ತುತ್ತಿದ್ದರು. ದಂಡ ಕೆಳಗಿತ್ತು. ಬಾಲ ನೆಲಕ್ಕೆ ಉಜ್ಜಿದ ಸದ್ದು ಕೇಳಿತು, ಸುಟ್ಟ ರಬ್ಬರಿನ ವಾಸನೆ ಬಂತು. ಗಾಡಿ ನಿಲ್ಲಲಿಲ್ಲ. ಹಗ್ಗ ನನ್ನ ಕೈಯ ಚರ್ಮ ಎಳೆದುಕೊಂಡು ಹೋಯಿತು. ಡಬ್ಬಗಳ ರಾಶಿ ಅಡ್ಡ ಇದ್ದದ್ದರಿಂದ ಮುಂದೆ ಅವನು ಏನು ಮಾಡಿದ ಅಂತ ನನಗೆ ಕಾಣಲಿಲ್ಲ. ಗಾಡಿ ಎಡಕ್ಕೆ ತಿರುಗಿ ಗೇಟಿನ ಕಂಬಕ್ಕೆ ಹೊಡೆಯಿತು. ಒಂಬತ್ತು ಡಬ್ಬ ಬಿದ್ದು ಬಾಯಿ ಬಿಟ್ಟವು. ರಸ್ತೆಯೆಲ್ಲ ಬಿಳಿ. ಒಂದು ಸ್ಕೂಟರಿನ ದೀಪ ಒಡೆಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಭಯ್ಯಾನ ಕಾಲಿನ ಗಂಟು ಕಂಬಕ್ಕೂ ಮೂಕಿಗೂ ನಡುವೆ ಸಿಕ್ಕಿತು.

ಜನ ಸೇರಿದರು. ಸೊಸೈಟಿಯ ಸೆಕ್ರೆಟರಿಯೂ ಬಂದರು. ಅವರು ಬೆಂಗಳೂರಿನ ಕಡೆಯವರು, ಎಂಜಿನಿಯರಾಗಿ ರಿಟೈರ್ ಆದವರು, ಇಸ್ತ್ರಿ ಮಾಡಿದ ಕನ್ನಡ. ಅವರು ಭಯ್ಯಾನನ್ನು ನೋಡಿ "ಕುಡಿದಿದ್ದಾನಾ?" ಅಂತ ನನ್ನನ್ನು ಕೇಳಿದರು.

"ಕುಡಿಯುವವನಲ್ಲ. ತಂಬಾಕು ಉಗಿಯಲಿಕ್ಕೆ ಕೈ ಬಿಟ್ಟಿರಬೇಕು" ಅಂದೆ. ಎಲ್ಲರ ಎದುರಿಗೆ ಅಂದೆ. ಹಿಂದಿಯಲ್ಲಿ ಅವನಿಗೂ ಅಂದೆ, "ನೀನು ಮೂಕಿ ಬಿಟ್ಟೆ."

ಅವನು ನೆಲದಲ್ಲಿ ಕೂತು ಕಾಲು ಹಿಡಿದುಕೊಂಡಿದ್ದ. "ಬಿಡಲಿಲ್ಲ ಅಮ್ಮಾ. ನಿಲ್ಲಲಿಲ್ಲ, ಅದಕ್ಕೆ ಕಂಬಕ್ಕೆ ತಿರುಗಿಸಿದೆ" ಅಂದ.

"ದಿನಾ ನಿಲ್ಲುವುದು ಇವತ್ತು ಹೇಗೆ ನಿಲ್ಲಲಿಲ್ಲ?"

ಅವನು ಗಾಡಿಯ ಸವೆದ ಬಾಲದ ಕಡೆ ನೋಡಿದ. ಉತ್ತರ ನನಗೂ ಗೊತ್ತಿರಲಿಲ್ಲ, ಆದರೆ ನಾನು ಕೇಳುವವಳಾಗಿದ್ದೆ.

ಸೆಕ್ರೆಟರಿ ಗಾಡಿಗೆ ರಸ್ತೆ ಬಂದ್ ಮಾಡಿದರು. ಎರಡು ದಿನ ಬಿಟ್ಟು ವಾಚ್‌ಮನ್ ಕೈಯಲ್ಲಿ ಒಂದು ಇಂಗ್ಲಿಷ್ ಕಾಗದ ಕಳಿಸಿದರು. ಮೊಮ್ಮಗಳು ಓದಿ ಹೇಳಿದಳು. ಗಾಡಿ ಎಳೆಯುವವನ ಅಜಾಗ್ರತೆಯಿಂದ ಹೀಗಾಗಿದೆ, ಅವನನ್ನು ಇನ್ನು ಈ ರಸ್ತೆಗೆ ತರುವುದಿಲ್ಲ ಅಂತ ನಾನು ಸೈನ್ ಹಾಕಬೇಕು. ಒಂದು ಪ್ರತಿ ಸೊಸೈಟಿಗೆ, ಒಂದು ಗಾಡಿಯ ಮಾಲಕನಿಗೆ. ಒಂದು ವಾರ ಬಿಟ್ಟು ಬರುವ ಸೋಮವಾರದ ಒಳಗೆ ಸೈನ್ ಹಾಕಿ ಕೊಟ್ಟರೆ ರಸ್ತೆ ಬಿಡುತ್ತಾರೆ. ಇಲ್ಲದಿದ್ದರೆ ಗಾಡಿ ಯಾವತ್ತಿಗೂ ಇಲ್ಲ.

ಸೈನ್ ಹಾಕಲು ನನಗೆ ಏನೂ ಕಷ್ಟ ಇರಲಿಲ್ಲ. ಗಾಡಿ ಚಾಳಿನ ಎದುರು ನಿಂತೇ ಇತ್ತು, ಅಷ್ಟು ದಿನ ಅದೇ ರಸ್ತೆಯಲ್ಲಿ ರಿಕ್ಷಾದಲ್ಲಿ ಎರಡೆರಡು ಡಬ್ಬ ಇಟ್ಟುಕೊಂಡು ಇಳಿಸುತ್ತಿದ್ದೆ. ರಿಕ್ಷಾದವರು ಮೂಗು ಮುಚ್ಚಿಕೊಂಡು ಕೂರಿಸುತ್ತಿದ್ದರು. ಎರಡು ಹೋಟೆಲಿನವರು ಬೇರೆ ಕಡೆ ಹಿಟ್ಟು ವಿಚಾರಿಸುತ್ತಿದ್ದಾರೆ ಅಂತ ಕಿವಿಗೆ ಬಿದ್ದಿತ್ತು. ನಾನು ಆ ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದೆ. ಆ ಸೋಮವಾರದ ಹಿಂದಿನ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಸೈನ್ ಹಾಕುವ ಅಂತ ಹೊರಗೆ ತೆಗೆದೆ.

ಮೊಮ್ಮಗಳು ನೆಲದಲ್ಲಿ ಹೊಟ್ಟೆ ಅಡಿ ಹಾಕಿ ಮಲಗಿ ಲೆಕ್ಕ ಮಾಡುತ್ತಿದ್ದಳು. ಒಂಬತ್ತನೇ ಕ್ಲಾಸು, ಪರೀಕ್ಷೆ ಹತ್ತಿರ. ಅವಳ ಪೆನ್ನು ಬೇಕಿತ್ತು.

"ಒಂದ್ ಮಿನಿಟ್ ಅಜ್ಜಿ, ಇದನ್ನ ಖತಮ್ ಕರ್ತೀ ಹೂಂ" ಅಂದಳು. ಅವಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ರೈಲು ಬದಲಿಸುತ್ತದೆ.

"ಎಂತ ಲೆಕ್ಕ ಅದು?"

"ಒಂದು ಕಾರ್ ಇದೆ. ಸಾವಿರ ಕಿಲೋ. ಸೆಕೆಂಡಿಗೆ ಇಪ್ಪತ್ತು ಮೀಟರ್ ಹೋಗ್ತಾ ಇದೆ. ಅದನ್ನು ನಿಲ್ಲಿಸಲಿಕ್ಕೆ ಎಷ್ಟು ಕೆಲಸ ಬೇಕು ಅಂತ."

ನಾನು ನಕ್ಕೆ. "ಗಾಡಿ ನಿಲ್ಲಿಸಲಿಕ್ಕೆ ಕೈ ಬೇಕು ಮಾರಾಯ್ತಿ, ಪೆನ್ನು ಎಂತಕ್ಕೆ? ಎಷ್ಟು ಬಂತು?"

"ಎರಡು ಲಕ್ಷ."

"ಎರಡು ಲಕ್ಷ ಎಂತದು? ರೂಪಾಯಿಯಾ?"

"ಜೂಲ್, ಅಜ್ಜಿ. ಕೆಲಸವನ್ನು ಜೂಲಲ್ಲಿ ಅಳೆಯೋದು. ಮೈನಸ್ ಎರಡು ಲಕ್ಷ."

"ಮೈನಸ್ ಯಾಕೆ?"

"ಕಾರು ಆ ಕಡೆ ಹೋಗುತ್ತೆ, ನಿಲ್ಲಿಸೋವ್ರು ಉಲ್ಟಾ ಈ ಕಡೆ ಎಳೀತಾರೆ. ಅದಕ್ಕೆ ಮೈನಸ್."

"ಎಳೆದವನ ಬೆವರೂ ಮೈನಸ್ಸಾ ನಿಮ್ಮ ಶಾಲೆಯಲ್ಲಿ?"

ಅವಳಿಗೆ ನಗು ಬಂತು. ನನಗೆ ಮಾತ್ರ ಆ ಲೆಕ್ಕ ಬಿಡಲಿಲ್ಲ. ಕೆಲಸವನ್ನೂ ತೂಕಕ್ಕೆ ಹಾಕುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಮೂವತ್ತು ವರ್ಷದಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸುತ್ತಿದ್ದೆ.

"ಸರಿ, ಆ ಕಾರು ಅರ್ಧ ಜೋರಿನಲ್ಲಿ ಹೋದರೆ? ಹತ್ತು?"

ಅವಳು ಗೀಚಿದಳು. "ಐವತ್ತು ಸಾವಿರ."

"ತಪ್ಪು. ಒಂದು ಲಕ್ಷ. ಎರಡು ಲಕ್ಷದ ಅರ್ಧ ನನಗೇ ಬರ್ತದೆ, ನಿನಗೆ ಬರುವುದಿಲ್ಲವಾ?"

"ಇಲ್ಲ ಅಜ್ಜಿ. ತೂಕ ಅರ್ಧ ಆದ್ರೆ ಅರ್ಧ. ಸ್ಪೀಡ್ ಅರ್ಧ ಆದ್ರೆ ಕಾಲು. ಸ್ಪೀಡನ್ನ ಅದರಿಂದಲೇ ಗುಣಿಸ್ಬೇಕು. ಸ್ಪೀಡ್ ಡಬಲ್ ಆದ್ರೆ ಕೆಲಸ ನಾಲ್ಕು ಪಟ್ಟು."

"ಯಾರು ಹೇಳಿದ್ದು?"

"ಬುಕ್."

ಪುಸ್ತಕ ಹೇಳಿದ್ದಕ್ಕೆ ಒಪ್ಪುವವಳಲ್ಲ ನಾನು. ಅಕ್ಕಿ ಚೀಲದ ಮೇಲೆ ಐವತ್ತು ಕಿಲೋ ಅಂತ ಬರೆದಿರುತ್ತದೆ, ತೂಗಿದರೆ ನಲವತ್ತೊಂಬತ್ತು. ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಡಬ್ಬ ಅತ್ತಿತ್ತ ಸರಿಸುವ ಹಲಗೆ ಉಂಟು, ಅಡಿಗೆ ನಾಲ್ಕು ಸಣ್ಣ ಚಕ್ರ. ಅದರ ಮೇಲೆ ನೀರು ತುಂಬಿದ ಒಂದು ಡಬ್ಬ ಇಟ್ಟೆ. ನೆಲಕ್ಕೆ ಚೌಕ ಚೌಕ ಲಾದಿ, ಅಂದರೆ ಹಾಸುಕಲ್ಲು, ಹಾಕಿಸಿದ್ದುಂಟು, ಎಣಿಸಲು ಸುಲಭ.

"ನೀನು ಮೊಬೈಲಿನಲ್ಲಿ ಸೆಕೆಂಡ್ ಹೇಳು" ಅಂದೆ.

ಬಾಗಿಲಿನಿಂದ ಮೊದಲ ಗ್ರೈಂಡರಿನ ತನಕ ಹಲಗೆಯನ್ನು ಒಂದೇ ಸಮನೆ ನೂಕಿಕೊಂಡು ಹೋಗುವುದು, ಅಲ್ಲಿ ಕೈ ಬಿಡುವುದು. ಮೊದಲ ಸಲ ನಾಲ್ಕು ಸೆಕೆಂಡಿನಲ್ಲಿ ನೂಕಿ ಬಿಟ್ಟೆ. ಹಲಗೆ ತಾನೇ ಎರಡು ಲಾದಿ ಹೋಗಿ ನಿಂತಿತು. ಎರಡನೇ ಸಲ ಎರಡು ಸೆಕೆಂಡಿನಲ್ಲಿ ನೂಕಿ ಬಿಟ್ಟೆ. ನಾಲ್ಕನೇ ಲಾದಿಯಲ್ಲಿ ನಿಲ್ಲುತ್ತದೆ ಅಂತ ಅಲ್ಲಿ ಚಪ್ಪಲಿ ಗುರುತು ಇಟ್ಟಿದ್ದೆ. ಚಪ್ಪಲಿಯನ್ನು ತಳ್ಳಿಕೊಂಡು ಎಂಟನೇ ಲಾದಿಯ ತನಕ ಹೋಯಿತು.

ಮತ್ತೆ ಮಾಡಿದೆ. ಏಳೂವರೆ. ಮತ್ತೊಮ್ಮೆ. ಎಂಟು ದಾಟಿತು.

ನೆಲ ವಾಟ ಇರಬೇಕು ಅಂತ ತಿರುಗಿಸಿ ಆ ಕಡೆಯಿಂದ ನೂಕಿದೆ. ಅಲ್ಲಿಂದಲೂ ಹಾಗೆಯೇ. ಹುಡುಗಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಬುಕ್ ಸಹೀ ಹೈ ನಾ ಅಜ್ಜಿ?" ಅಂದಳು. ಅಷ್ಟು ಹೊತ್ತಿಗೆ ನನ್ನ ತಲೆ ಇಳಿಜಾರಿಗೆ ಹೋಗಿತ್ತು.

"ನಮ್ಮ ಗಾಡಿಯನ್ನು ನಿನ್ನ ಲೆಕ್ಕಕ್ಕೆ ಹಾಕು" ಅಂದೆ.

"ಸ್ಪೀಡ್ ಬೇಕು ಅಜ್ಜಿ. ಎಷ್ಟು ದೂರ, ಎಷ್ಟು ಟೈಮ್."

ಡಬ್ಬ ಕಟ್ಟುವ ಹಗ್ಗ ಹತ್ತು ಮೀಟರ್ ಅಂತ ಅಳೆಸಿ ತಂದದ್ದು ಇತ್ತು. ಅದನ್ನು ಹಿಡಿದು ಇಬ್ಬರೂ ಇಳಿಜಾರಿಗೆ ಹೋದೆವು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಿಂದ ಗೇಟಿನ ತನಕ ಆರು ಹಗ್ಗ. ಅರವತ್ತು ಮೀಟರ್. ಗೇಟಿನ ವಾಚ್‌ಮನ್ ಕೇಳಿದ, "ಏನು ಅಜ್ಜಿ, ರಸ್ತೆ ಖರೀದಿ ಮಾಡ್ತೀರಾ?"

"ನಿಮ್ಮ ಸೊಸೈಟಿಯವರು ಮಾರುವುದಾದರೆ ನೋಡುವ" ಅಂದೆ.

ದಿನಾ ಭಯ್ಯಾ ಹೇಗೆ ಇಳಿಯುತ್ತಾನೆ ಅಂತ ನನಗೆ ಗೊತ್ತು, ಹನ್ನೊಂದು ವರ್ಷ ಅವನ ಹಿಂದೆ ನಡೆದಿದ್ದೇನೆ. ಅದೇ ನಡಿಗೆಯಲ್ಲಿ ಮೇಲಿನಿಂದ ಇಳಿದೆ. ಹುಡುಗಿ ಮೊಬೈಲ್ ನೋಡಿದಳು. ಒಂದು ನಿಮಿಷ, ಎರಡು ಸೆಕೆಂಡ್ ಜಾಸ್ತಿ.

ಆ ಗುರುವಾರದ್ದು ಎಷ್ಟು? ಅದು ಸೊಸೈಟಿಯ ಕ್ಯಾಮರಾದಲ್ಲಿ ಇತ್ತು. ಸೆಕ್ರೆಟರಿ ಕಾಗದದ ಜೊತೆ ಆ ವಿಡಿಯೋವನ್ನು ಮೊಮ್ಮಗಳ ಮೊಬೈಲಿಗೆ ಕಳಿಸಿದ್ದರು. ನಾನು ಅಷ್ಟು ದಿನ ನೋಡಿರಲಿಲ್ಲ. ನಾನೇ ಅಲ್ಲಿದ್ದವಳು, ನನಗೆ ಯಾಕೆ ವಿಡಿಯೋ ಅಂತ ಬಿಟ್ಟಿದ್ದೆ. ಈಗ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಕಟ್ಟೆಯಲ್ಲಿ ಕೂತು ನೋಡಿದೆ. ಹಿಂದಿನಿಂದ ತೆಗೆದದ್ದು. ಡಬ್ಬಗಳ ಮರೆಯಲ್ಲಿ ಅವನು ಕಾಣುವುದೇ ಇಲ್ಲ. ಕಾಣುವುದು ನಾನು. ಸೀರೆ ಎತ್ತಿ ಸಿಕ್ಕಿಸಿ, ಹಗ್ಗ ಹಿಡಿದು, ಇನ್ನೊಂದು ಕೈಯಿಂದ ಹೋಗು ಹೋಗು ಅಂತ ಬೀಸುತ್ತಿದ್ದೇನೆ. ವಿಡಿಯೋದ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡ್ ಓಡುತ್ತಿತ್ತು. ಪೆಟ್ಟಿಗೆಯಿಂದ ಕಂಬದ ತನಕ ಮೂವತ್ತು ಸೆಕೆಂಡ್.

ಹುಡುಗಿ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟು ಬರೆದಳು. ದಿನದ ಟ್ರಿಪ್: ಮುನ್ನೂರು ಕಿಲೋ, ಸೆಕೆಂಡಿಗೆ ಒಂದು ಮೀಟರ್. ನಿಲ್ಲಿಸುವ ಕೆಲಸ ನೂರೈವತ್ತು. ಗುರುವಾರದ ಟ್ರಿಪ್: ನಾನೂರೈವತ್ತು ಕಿಲೋ, ಸೆಕೆಂಡಿಗೆ ಎರಡು ಮೀಟರ್. ಕೆಲಸ ಒಂಬೈನೂರು.

"ಆರು ಪಟ್ಟು ಅಜ್ಜಿ" ಅಂದಳು.

ನಾನು ಒಂದೂವರೆ ಪಟ್ಟು ತಡೆ ಕೊಟ್ಟು, ಆರು ಪಟ್ಟು ಕೆಲಸ ಕೊಟ್ಟಿದ್ದೆ. ಅವನು ಮೂಕಿ ಬಿಟ್ಟಿದ್ದನೋ ಹಿಡಿದಿದ್ದನೋ ಎಂಬ ಮಾತೇ ಇಲ್ಲ. ಹಿಡಿದಿದ್ದರೂ ಎರಡು ಹೆಜ್ಜೆಯಲ್ಲಿ ನಿಲ್ಲುವಂಥದ್ದಲ್ಲ. ಗಾಡಿಯನ್ನು ಬಸ್ಸಿನ ಕಡೆ ಬಿಡದೆ ಕಂಬಕ್ಕೆ ತಿರುಗಿಸಬೇಕಾದರೆ ಕೈಯಲ್ಲಿ ಮೂಕಿ ಇರಲೇಬೇಕು. ಇದಕ್ಕೆ ಪುಸ್ತಕ ಬೇಡ. ಆ ದಿನವೇ ನನಗೆ ಹೊಳೆಯಬೇಕಿತ್ತು.

ನಾನು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಿಟ್ಟು ಕೆಟ್ಟರೆ ಯಾವ ಅಳತೆ ತಪ್ಪಿತು ಅಂತ ನೋಡುತ್ತೇವೆ, ಚೆಲ್ಲುತ್ತೇವೆ, ಮತ್ತೆ ನೆನೆಹಾಕುತ್ತೇವೆ. ಆದರೆ ಈ ಸಲ ಚೆಲ್ಲಲು ಇಟ್ಟದ್ದು ಒಬ್ಬ ಮನುಷ್ಯನನ್ನು. ಅವನ ಹೆಸರಿನ ಕಾಗದ ಇನ್ನೂ ನನ್ನ ಸೊಂಟದಲ್ಲಿತ್ತು.

"ನಡಿ, ಸೆಕ್ರೆಟರಿ ಹತ್ತಿರ ಹೋಗುವ. ನೋಟ್‌ಬುಕ್ ತಗೋ" ಅಂದೆ.

"ಅಜ್ಜಿ, ಅವ್ರು ಗಾಡೀನೇ ಬಂದ್ ಮಾಡಿದ್ರೆ? ನಮ್ಮ ಫಾಲ್ಟ್ ಅಂತ ಪ್ರೂಫ್ ನಾವೇ ಕೊಡ್ತಾ ಇದೀವಿ."

"ಬಂದ್ ಮಾಡಿದರೆ ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿಯುವ. ನೀನು ಲೆಕ್ಕ ಸರಿ ಇದೆಯಾ ಅದನ್ನು ಹೇಳು."

"ಸಹೀ ಹೈ. ಇಳಿಜಾರಿಂದು ಮಾತ್ರ ಹಾಕಿಲ್ಲ. ಅದು ನಮ್ಮ ಪೋರ್ಶನ್‌ನಲ್ಲಿ ಇಲ್ಲ."

ಸೆಕ್ರೆಟರಿ ಸೊಸೈಟಿ ಆಫೀಸಿನಲ್ಲಿ ಸಂಜೆಯ ಚಹಾ ಕುಡಿಯುತ್ತಿದ್ದರು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಸೈನ್ ಮಾಡಿ ತಂದ್ರಾ?"

"ಇಲ್ಲ. ಅದರಲ್ಲಿ ಬರೆದದ್ದು ಸುಳ್ಳು. ಲೆಕ್ಕ ತಂದಿದ್ದೇನೆ, ನೋಡಿ."

ಅವರು ಕನ್ನಡಕ ಹಾಕಿಕೊಂಡರು. ಮಕ್ಕಳ ಆಟ ಅಂತ ಮುಖದಲ್ಲಿ ಸಣ್ಣ ನಗು ಇತ್ತು. ನೋಟ್‌ಬುಕ್ಕಿನ ಎರಡನೇ ಸಾಲಿಗೆ ಬಂದಾಗ ಆ ನಗು ಹೋಯಿತು. ಚಹಾದ ಲೋಟ ಆಚೆ ಸರಿಸಿದರು. ಹುಡುಗಿಯನ್ನು ಕೇಳಿದರು, ದೂರ ಹೇಗೆ ಅಳೆದೆ, ಹೊತ್ತು ಹೇಗೆ ಹಿಡಿದೆ ಅಂತ. ಅವಳು ಹಗ್ಗದ ವಿಷಯ, ವಿಡಿಯೋದ ವಿಷಯ ಹೇಳಿದಳು. ಅವರು ಪೆನ್ಸಿಲ್ ತೆಗೆದು ಕೆಳಗೆ ತಾವೂ ಸ್ವಲ್ಪ ಬರೆದರು.

"ಇದು ಸರಾಸರಿ ವೇಗ" ಅಂದರು. "ಗೇಟ್ ಹತ್ರ ಬಂದಾಗ ಇದಕ್ಕಿಂತ ಜಾಸ್ತಿ ಇದ್ದಿರುತ್ತೆ. ಇಳಿಜಾರು ಸೇರಿಸಿದ್ರೆ ಇನ್ನೂ ಜಾಸ್ತಿ. ಆರು ಪಟ್ಟಲ್ಲ, ಎಂಟೋ ಹತ್ತೋ ಆಗುತ್ತೆ. ಅಷ್ಟು ದೂರದಲ್ಲಿ ಯಾರೂ ನಿಲ್ಲಿಸೋಕಾಗಲ್ಲ."

"ಮತ್ತೆ ನೀವು ಎಂಜಿನಿಯರು. ಆ ದಿನ ಲೆಕ್ಕ ಮಾಡಲಿಲ್ಲವಾ?"

ಅವರು ಕನ್ನಡಕ ತೆಗೆದು ಒರೆಸಿದರು. "ನೀವೇ ಅಂದ್ರಲ್ಲಮ್ಮ, ಅವನು ಕೈ ಬಿಟ್ಟ ಅಂತ. ನೀವು ಅವನ ಯಜಮಾನಿ. ನಂಬಿದೆ."

ಸರಿಯಾಗಿಯೇ ಹೊಡೆದರು.

"ಹೌದು, ನಾನೇ ಅಂದದ್ದು. ಎರಡು ಟ್ರಿಪ್ಪಿನ ಭಾರ ಹೇರಿಸಿದ್ದು ನಾನು, ಓಡಿಸು ಅಂದದ್ದು ನಾನು. ಅದನ್ನು ಬರೆಯಿರಿ, ಸೈನ್ ಹಾಕುತ್ತೇನೆ."

"ಯೋಚನೆ ಮಾಡಿ. ಹಾಗೆ ಬರೆದ್ರೆ ಕಮಿಟಿಯವರು ಗಾಡಿ ಬೇಡವೇ ಬೇಡ ಅಂತಾರೆ. ಅವನ ಹೆಸರಲ್ಲಿ ಇದ್ರೆ ನಿಮಗೆ ನಾಳೆನೇ ರಸ್ತೆ ಸಿಗುತ್ತೆ."

"ಅವನ ಹೆಸರಿನಲ್ಲಿ ಇದ್ದರೆ ಅವನಿಗೆ ಈ ಊರಿನಲ್ಲಿ ಗಾಡಿ ಸಿಗುವುದಿಲ್ಲ. ಅವನು ಮತ್ತೆಂತ ಮಾಡ್ತಾನೆ? ನಿಮ್ಮ ಕಮಿಟಿಯವರಿಗೆ ಬೇಕಾದದ್ದು ಎಂತ, ಗಾಡಿ ನಿಲ್ಲಬೇಕು ಅಷ್ಟೇ ಅಲ್ಲವಾ? ಹಾಗಾದರೆ ಎಂಟು ಡಬ್ಬಕ್ಕಿಂತ ಜಾಸ್ತಿ ಹೇರುವುದಿಲ್ಲ ಅಂತ ಬರೆಯಿರಿ. ಪೆಟ್ಟಿಗೆಯಿಂದ ಗೇಟಿಗೆ ಒಂದು ನಿಮಿಷಕ್ಕಿಂತ ಮೊದಲು ಬರುವುದಿಲ್ಲ ಅಂತ ಬರೆಯಿರಿ. ನಿಮ್ಮ ಕ್ಯಾಮರಾದಲ್ಲಿ ಸೆಕೆಂಡ್ ಕಾಣುತ್ತದೆ. ಯಾವತ್ತಾದರೂ ಒಂದು ನಿಮಿಷದ ಒಳಗೆ ಬಂದರೆ ಆ ದಿನವೇ ಬಂದ್ ಮಾಡಿ. ಶಾಲೆಯ ಬಸ್ಸು ನಿಂತಿರುವಾಗ ನಾವು ಇಳಿಯುವುದೇ ಇಲ್ಲ. ಅವನನ್ನು ಕೆಲಸದಿಂದ ಓಡಿಸಿದರೆ ನಿಮಗೆ ಇದಕ್ಕಿಂತ ಜಾಸ್ತಿ ಎಂತ ಸಿಗ್ತದೆ?"

ಅವರು ನೋಟ್‌ಬುಕ್ ಮುಚ್ಚಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ನಿಮ್ಮಜ್ಜಿ ಯಾವ ಕಂಪೆನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ರು?" ಅಂದರು.

"ಇಡ್ಲಿ ಕಂಪೆನಿ, ಅಂಕಲ್" ಅಂದಳು.

ಫೋನ್ ಮಾಡಿ ಇಬ್ಬರು ಕಮಿಟಿಯವರ ಹತ್ತಿರ ಮಾತಾಡಿದರು. ಒಬ್ಬ ಜೋರಾಗಿ ಏನೋ ಅನ್ನುತ್ತಿದ್ದದ್ದು ನನಗೂ ಕೇಳುತ್ತಿತ್ತು. ಇವರು ಇಂಗ್ಲಿಷಿನಲ್ಲಿ ಆರು ಪಟ್ಟು, ಹತ್ತು ಪಟ್ಟು ಅಂತೆಲ್ಲ ವಿವರಿಸಿದರು. ಕಡೆಗೆ ಹೊಸ ಕಾಗದ ಬರೆದರು. ಒಂದು ತಿಂಗಳು ನೋಡುತ್ತೇವೆ, ಆಮೇಲೆ ಮಾತು ಅಂದರು. ಮಾಲಕಿಯು ಹೆಚ್ಚು ಭಾರ ಹೇರಿಸಿ ಓಡಿಸಿದ್ದರಿಂದ ಹೀಗಾಯಿತು, ಎಳೆಯುವವನ ತಪ್ಪಿಲ್ಲ ಅಂತ ಕಾಗದದಲ್ಲಿತ್ತು, ನಾನು ಹೇಳಿದ ಎಂಟು ಡಬ್ಬ, ಒಂದು ನಿಮಿಷವೂ ಇತ್ತು. ಕನ್ನಡದಲ್ಲಿ ಓದಿ ಹೇಳಿದರು. ನಾನು ಒಂದೊಂದೇ ಅಕ್ಷರ ಬರೆದು ನನ್ನ ಹೆಸರು ಹಾಕಿದೆ. ಎರಡು ಪ್ರತಿ. ಒಂದನ್ನು ಗಾಡಿ ಮಾಲಕನಿಗೆ ಕೊಡಲು ಇಸಿದುಕೊಂಡೆ. ಹಳೆಯ ಕಾಗದವನ್ನು ಅವರ ಎದುರಿಗೇ ಹರಿದೆ. ಸ್ಕೂಟರಿನ ದೀಪ ನಾನೇ ಹಾಕಿಸಿ ಕೊಡಬೇಕು ಅಂದರು. ಸರಿ ಅಂದೆ.

ಮರುದಿನ ಬೆಳಿಗ್ಗೆ ಗ್ರೈಂಡರ್ ಹಾಕಿ, ಹುಡುಗಿಯನ್ನು ಅದರ ಹತ್ತಿರ ನಿಲ್ಲಿಸಿ, ಕೆಳಗಿನ ಗಲ್ಲಿಗೆ ಹೋದೆ. ಭಯ್ಯಾ ಇನ್ನೂ ಮೂರು ಜನರ ಜೊತೆ ಇರುವ ಕೋಣೆ ಅಲ್ಲಿ. ಹೊರಗೆ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಕಾಲಿಗೆ ಪಟ್ಟಿ ಇತ್ತು. ನನ್ನನ್ನು ನೋಡಿ ಏಳಲಿಲ್ಲ.

"ಕಾಲು ಹೇಗುಂಟು?"

"ನಡೆಯುತ್ತದೆ."

"ನೀನು ಮೂಕಿ ಬಿಡಲಿಲ್ಲ. ನನ್ನ ಲೆಕ್ಕ ತಪ್ಪಿತ್ತು. ಕಾಗದದಲ್ಲಿ ಹಾಗೆಯೇ ಬರೆಸಿ ಸೈನ್ ಹಾಕಿದ್ದೇನೆ. ಇದು ನಿನ್ನ ಗಾಡಿ ಮಾಲಕನಿಗೆ."

ಅವನು ಕಾಗದ ತೆಗೆದುಕೊಂಡ. ಓದಲು ಅವನಿಗೆ ಬರುವುದಿಲ್ಲ. ಮಡಚಿ ಅಂಗಿಯ ಕಿಸೆಗೆ ಹಾಕಿದ. ಬಾಯಿ ಮುಕ್ಕಳಿಸಿ ಉಗಿದ. ಆಮೇಲೆ ಕೇಳಿದ, "ಬಾಲದ ಟೈರ್ ಬದಲಿಸಿದಿರಾ? ಅವತ್ತು ಪೂರ್ತಿ ಸವೆದು ಹೋಗಿದೆ."

"ಇಲ್ಲ."

"ಮೊದಲು ಅದು ಮಾಡಬೇಕು" ಅಂದು ಎದ್ದ.

ಹೊಸ ಟೈರ್ ತುಂಡು ಹೊಡೆದೆವು. ಎಂಟು ಡಬ್ಬ ಹೇರಿದೆವು. ನಾನು ಎಣಿಸಿದೆ, ಅವನೂ ಎಣಿಸಿದ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಹತ್ತಿರ ಬಂದಾಗ ನಾನು ಹಿಂದೆ ಹೋಗಲಿಲ್ಲ. ಅವನ ಮುಂದೆ, ಮೂಕಿಯ ತುದಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಗಾಡಿಗೆ ಬೆನ್ನು ಹಾಕಿ ರಸ್ತೆಯ ನಡುವೆ ನಿಂತೆ.

"ಅಮ್ಮಾ, ಮುಂದೆ ಯಾಕೆ? ಹಿಂದೆ ಹೋಗಿ."

"ನನಗಿಂತ ಜೋರಾಗಿ ಬರಬಾರದು, ಅದಕ್ಕೆ. ಬಾ."

ನಡೆದೆ. ಮಂಡಿ ನೋವಿನ ನಡಿಗೆ, ಅದರ ಅಳತೆ ಯಾವತ್ತೂ ತಪ್ಪುವುದಿಲ್ಲ. ಹಿಂದೆ ಚಕ್ರದ ಸದ್ದು, ಅವನ ಉಸಿರಿನ ಸದ್ದು ಬರುತ್ತಿತ್ತು. ನಾನು ಹಿಂತಿರುಗಿ ನೋಡಲಿಲ್ಲ. ಗೇಟಿನ ದಂಡ ಕೈಗೆ ಸಿಗುವಾಗ ಬಾಲ ನೆಲಕ್ಕೆ ಉಜ್ಜಿತು, ಎರಡು ಹೆಜ್ಜೆ, ನಿಂತಿತು. ಆಫೀಸಿನ ಕಿಟಕಿಯಲ್ಲಿ ಸೆಕ್ರೆಟರಿ ಕೈಗಡಿಯಾರ ನೋಡುತ್ತಿದ್ದರು. ವಾಚ್‌ಮನ್ ದಂಡ ಎತ್ತಿದ. ಎಂಟು ಡಬ್ಬ ಇಳಿಸಿ, ಖಾಲಿ ಗಾಡಿಯನ್ನು ಅವನು ಎಳೆದು ನಾನು ನೂಕಿ, ವಡೆ ಹಿಟ್ಟು ತರಲು ಮತ್ತೆ ಗುಡ್ಡ ಹತ್ತಿದೆವು.